ಎಫ್ ಕೀ ಸತ್ತರೆ ಒತ್ತಕ್ಷರವೂ ಸತ್ತಂತೆ: ಸೀತಾಂಗೋಳಿಯಿಂದ ಮಂಗಳೂರಿಗೆ ಒಂದು ಕೀಬೋರ್ಡ್ ರಿಪೇರಿ

ಲ್ಯಾಪ್‌ಟಾಪ್ ಮೊನ್ನೆ ಕೈಗೆ ಬಂತು. ಕೀಬೋರ್ಡ್ ಹೊಸದು. ಕೈಯಿಂದ ಬಿಟ್ಟದ್ದು ರೈಲು-ಬಸ್ಸಿನ ಖರ್ಚು ಮತ್ತು ಒಂದು ಯುಎಸ್‌ಬಿ ಕೀಬೋರ್ಡಿನ 550 ರೂಪಾಯಿ ಮಾತ್ರ. ಆದರೆ ಅಷ್ಟರಲ್ಲಿ ಮುಗಿಸಲಿಕ್ಕೆ ಪಟ್ಟ ಪಾಡು ಸಣ್ಣದಲ್ಲ ಮಾರಾಯ್ರೇ. ನಮ್ಮ ಕಡೆಯ ಡಿಟಿಪಿಯವರು, ಮಾಷ್ಟ್ರುಗಳು, ಸೊಸೈಟಿ ಗುಮಾಸ್ತರು ಯಾರಾದರೂ ಇದೇ ದಾರಿ ಹಿಡಿಯಬೇಕಾಗಿ ಬಂದರೆ ಸುಮ್ಮನೆ ಅಲೆಯುವುದು ಬೇಡ ಎಂದು ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಹತ್ತಿರ ಮನೆಯಲ್ಲೇ ಕೂತು ಡಿಟಿಪಿ ಮಾಡುವವನು. ಬೇಸಿಗೆಯಲ್ಲಿ ಬ್ರಹ್ಮಕಲಶ, ಮದುವೆ, ಗೃಹಪ್ರವೇಶದ ಕಾಗದ. ಮಳೆಗಾಲದಲ್ಲಿ ಸೊಸೈಟಿಯ ವಾರ್ಷಿಕ ವರದಿ, ಶಾಲಾ ಸಂಚಿಕೆ, ಚೌತಿಯ ಆಮಂತ್ರಣ. ಆಟಿ ತಿಂಗಳು ಮುಗಿಯುತ್ತಾ ಬಂದಿತ್ತು, ಒಂದು ಊರಿನ ಗಣೇಶೋತ್ಸವ ಸಮಿತಿಯವರು ಆಮಂತ್ರಣದ ಕರಡು ಕೊಟ್ಟು ಹೋಗಿದ್ದರು. ಟೈಪ್ ಮಾಡಲು ಶುರುಮಾಡಿದರೆ ತಲೆಬರಹವೇ ‘ಶರೀ ವಿಘನೇಶವರ’ ಎಂದು ಬಂತು. ಕೆಳಗೆ ‘ಪರಾರಥಿಸುತತೇವೆ’.

‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆ ಕೂಡಲೇ ಅರ್ಥವಾಗುತ್ತದೆ. ಮಂಗಳೂರು ಕಡೆಯವರೇ ಆದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಅರ್ಧಾಕ್ಷರಕ್ಕೆ, ಒತ್ತಿಗೆ, ಎಲ್ಲಕ್ಕೂ ಇರುವುದು ಎಫ್ ಕೀ ಒಂದೇ. ಇಂಗ್ಲಿಷ್ ಬರೆಯುವವನಿಗೆ ಎಫ್ ಹೋದರೆ ಅಲ್ಲೊಂದು ಇಲ್ಲೊಂದು ಪದ ಕೆಡುತ್ತದೆ. ಕನ್ನಡದವನಿಗೆ ಒಂದು ಸಾಲೂ ಉಳಿಯುವುದಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸ ಬಳಸುವವರಿಗೆ ಇದೇ ಕೆಲಸ ಡಿ ಕೀಯದ್ದು, ಅವರು ಅದನ್ನು ನೋಡಿಕೊಳ್ಳಲಿ.

ನಮ್ಮಲ್ಲಿ ಹೆಚ್ಚಿನವರು ಮೊದಲು ಬೈಯುವುದು ನುಡಿಯನ್ನು. ಅಳಿಸಿ ಮತ್ತೆ ಹಾಕುತ್ತಾರೆ, ಫಾಂಟ್ ಬದಲಿಸುತ್ತಾರೆ, ಕೊನೆಗೆ ವಿಂಡೋಸೇ ಹೊಸದಾಗಿ ಹಾಕಿಸುತ್ತಾರೆ. ಅದಕ್ಕೆ 500-600 ರೂಪಾಯಿ ಹೋಗುತ್ತದೆ, ಕೀ ಮಾತ್ರ ಸತ್ತೇ ಇರುತ್ತದೆ. ಒತ್ತಿದ್ದು ಎಲ್ಲಿಯವರೆಗೆ ತಲುಪಿತು, ಎಲ್ಲಿ ನಿಂತಿತು ಎಂದು ಮೊದಲು ನೋಡಬೇಕು. ನಾನು ನುಡಿಯನ್ನು ಮುಚ್ಚಿ ನೋಟ್‌ಪ್ಯಾಡಿನಲ್ಲಿ ಇಂಗ್ಲಿಷ್ ಎಫ್ ಒತ್ತಿದೆ. ಬರಲಿಲ್ಲ. ಅಂದರೆ ನುಡಿಯ ತಪ್ಪಲ್ಲ. ಆಮೇಲೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಒಂದು ಕೀಬೋರ್ಡ್ ಬರುತ್ತದಲ್ಲ, ಅದರಲ್ಲಿ ಮೌಸಿನಿಂದ ಎಫ್ ಕ್ಲಿಕ್ ಮಾಡಿದೆ. ಚೆನ್ನಾಗಿ ಬಂತು. ಹಾಗಾದರೆ ವಿಂಡೋಸೂ ಸರಿಯಿದೆ. ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿ, ವಿಂಡೋಸ್ ಬರುವ ಮೊದಲೇ ಸಿಗುವ ತಪಾಸಣೆ ಮೆನುವಿನ ಕೀಬೋರ್ಡ್ ಪರೀಕ್ಷೆಯಲ್ಲೂ ನೋಡಿದೆ. ಎಲ್ಲ ಕಂಪನಿಯವರೂ ಇದನ್ನು ಕೊಡುವುದಿಲ್ಲ, ನನ್ನದರಲ್ಲಿತ್ತು. ಅಲ್ಲೂ ಎಫ್ ಚೌಕ ಬಣ್ಣ ಬದಲಿಸಲಿಲ್ಲ. ಯಂತ್ರದ ದೋಷವೇ ಎಂದು ಅಲ್ಲಿಗೆ ಖಾತ್ರಿಯಾಯಿತು. ಇಷ್ಟಕ್ಕೆ ಕಾಲು ಗಂಟೆಯೂ ಬೇಡ, ಒಂದು ಪೈಸೆಯೂ ಬೇಡ.

ಇಲ್ಲಿ ಒಂದು ಮಾತು. ರೀಸ್ಟಾರ್ಟ್ ಎಂದರೆ ರೀಸ್ಟಾರ್ಟೇ ಮಾಡಿ. ಶಟ್‌ಡೌನ್ ಕೊಟ್ಟು ಮತ್ತೆ ಆನ್ ಮಾಡಿದರೆ ಈಗಿನ ವಿಂಡೋಸು ಪೂರ್ತಿ ಹೊಸದಾಗಿ ಏಳುವುದಿಲ್ಲ, ಬೇಗ ಏಳಲಿಕ್ಕೆಂದು ಹಳೆಯದನ್ನು ಸ್ವಲ್ಪ ಉಳಿಸಿಕೊಂಡಿರುತ್ತದೆ.

ಕೀಬೋರ್ಡ್ ಹಾಳಾಯಿತು ಎಂದು ಜನ ನನ್ನ ಹತ್ತಿರ ತರುವ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಹಾಳಾಗಿರುವುದೇ ಇಲ್ಲ. ಬದಿಯಡ್ಕ ಕಡೆಯ ಒಬ್ಬ ಮಾಷ್ಟ್ರ ಕೀಬೋರ್ಡಿನಲ್ಲಿ ಒಂದೊಂದು ಅಕ್ಷರವನ್ನೂ ಒತ್ತಿ ಹಿಡಿದರೆ ಮಾತ್ರ ಬರುತ್ತಿತ್ತು. ಬಲಗಡೆಯ ಶಿಫ್ಟನ್ನು 8 ಸೆಕೆಂಡು ಒತ್ತಿ ಹಿಡಿದರೆ ಫಿಲ್ಟರ್ ಕೀಸ್ ಎಂಬುದು ಚಾಲೂ ಆಗುತ್ತದೆ. ಕೈ ನಡುಗುವವರಿಗೆಂದು ಇಟ್ಟ ಸೌಕರ್ಯ ಅದು, ಸ್ವಲ್ಪ ಹೊತ್ತು ಒತ್ತಿ ಹಿಡಿದದ್ದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಮಾಷ್ಟ್ರು ಶಿಫ್ಟಿನ ಮೇಲೆ ಕೈಯಿಟ್ಟು ಯೋಚಿಸುವ ಅಭ್ಯಾಸದವರು. ಸೆಟ್ಟಿಂಗ್ಸಿನ ಆ್ಯಕ್ಸೆಸಿಬಿಲಿಟಿಯಲ್ಲಿ ಅದನ್ನು ಆಫ್ ಮಾಡಿ ಕೊಟ್ಟೆ. ಶಿಫ್ಟನ್ನು ಐದು ಸಲ ಬೇಗ ಬೇಗ ಒತ್ತಿದರೆ ಸ್ಟಿಕಿ ಕೀಸ್ ಎದ್ದು ಕೂರುತ್ತದೆ, ಅದೂ ಇದೇ ಜಾತಿ. ಇನ್ನು ಸಣ್ಣ ಲ್ಯಾಪ್‌ಟಾಪುಗಳಲ್ಲಿ ಯು, ಐ, ಓ ಒತ್ತಿದರೆ 4, 5, 6 ಬರುವುದು ನಂಬರ್ ಲಾಕ್ ಆನ್ ಆದದ್ದಕ್ಕೆ. ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಹಾಕಿಕೊಂಡ ನಮ್ಮಂಥವರ ಯಂತ್ರದಲ್ಲಿ ವಿಂಡೋಸ್ ಕೀಯ ಜೊತೆ ಸ್ಪೇಸ್ ಬಾರ್ ತಾಗಿದರೆ ಸಾಕು, ಭಾಷೆ ಬದಲಾಗಿ ಬೇರೇನೋ ಬರಲು ಶುರುವಾಗುತ್ತದೆ. ಟಾಸ್ಕ್‌ಬಾರಿನ ಬಲತುದಿಯಲ್ಲಿ ಯಾವ ಭಾಷೆ ಇದೆ ಎಂದು ನೋಡಿದರೆ ಮುಗಿಯಿತು.

ನನ್ನದು ಅಂಥದ್ದಲ್ಲ ಎಂದು ಗೊತ್ತಾಯಿತು. ಆದರೆ ಆಮಂತ್ರಣ ಮರುದಿನ ಪ್ರೆಸ್ಸಿಗೆ ಹೋಗಬೇಕು. ಆಗ ನೆನಪಾದದ್ದು ಶಾರ್ಪ್‌ಕೀಸ್ ಎಂಬ ಉಚಿತ ತಂತ್ರಾಂಶ. ಒಂದು ಕೀಯ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸುವುದಷ್ಟೇ ಅದರ ಕೆಲಸ. ಕನ್ನಡ ಟೈಪಿಂಗಿಗೆ ನಾನು ಕ್ಯಾಪ್ಸ್ ಲಾಕ್ ಮುಟ್ಟುವುದೇ ಇಲ್ಲ, ಅದನ್ನೇ ಎಫ್ ಮಾಡಿದೆ. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೇ ಬರೆದಿಡುವುದರಿಂದ ಒಮ್ಮೆ ರೀಸ್ಟಾರ್ಟ್ ಮಾಡಬೇಕು. ಆಮೇಲೆ ನುಡಿಗೆ ಬಂದದ್ದು ಯಾವ ಕೀಯಿಂದ ಎಂದು ಗೊತ್ತೇ ಆಗುವುದಿಲ್ಲ. ವಿಘ್ನೇಶ್ವರ ವಿಘ್ನೇಶ್ವರನೇ ಆದ. ಎಡಗೈ ಕಿರುಬೆರಳು ಸಂಜೆಗೆ ನೋಯುತ್ತಿತ್ತು, ಅದು ಬೇರೆ ವಿಷಯ.

ಅದೂ ಹೆಚ್ಚು ದಿನ ನಡೆಯಲಿಲ್ಲ. ಜಡಿಮಳೆ ಹಿಡಿದ ಒಂದು ಬೆಳಿಗ್ಗೆ ‘ಗಣಪತಿ’ ಎಂದು ಹೊಡೆದರೆ ‘ಣಪಿ’ ಎಂದು ಬಂತು. ಜಿ, ಟಿ, ಆರ್, ವಿ, ಬಿ, ಮೇಲಿನ ಸಾಲಿನ 4 ಮತ್ತು 5 ಎಲ್ಲವೂ ಒಟ್ಟಿಗೆ ಹೋಗಿದ್ದವು. ನನ್ನ ಎದೆ ಧಸಕ್ಕೆಂದಿತು. ಆದರೆ ಈ ಥರ ಗುಂಪಾಗಿ ಹೋಗುವುದಕ್ಕೆ ಒಂದು ಅರ್ಥವಿದೆ. ಕೀಬೋರ್ಡಿನಲ್ಲಿ ಒಂದೊಂದು ಕೀಗೆ ಒಂದೊಂದು ತಂತಿ ಇರುವುದಿಲ್ಲ. ತೆಳು ಪ್ಲಾಸ್ಟಿಕ್ ಹಾಳೆಗಳ ಮೇಲೆ ಅಡ್ಡ ಗೆರೆ, ಉದ್ದ ಗೆರೆಗಳನ್ನು ಬೆಳ್ಳಿಯ ಶಾಯಿಯಲ್ಲಿ ಮುದ್ರಿಸಿರುತ್ತಾರೆ. ಕೀ ಒತ್ತಿದಾಗ ಒಂದು ಅಡ್ಡ ಗೆರೆ ಒಂದು ಉದ್ದ ಗೆರೆಗೆ ತಾಗುತ್ತದೆ, ಯಾವುದು ಯಾವುದಕ್ಕೆ ತಾಗಿತು ಎಂಬುದರಿಂದ ಅಕ್ಷರ ತಿಳಿಯುತ್ತದೆ. ತೋಟದ ಸ್ಪ್ರಿಂಕ್ಲರಿನ ಹಾಗೆಯೇ: ಒಂದು ಜೆಟ್ ಕಟ್ಟಿದರೆ ಕಸ ಇರುವುದು ಆ ಜೆಟ್ಟಿನಲ್ಲಿ, ಒಂದು ಸಾಲೇ ಒಣಗಿದರೆ ನೋಡಬೇಕಾದ್ದು ಪೈಪನ್ನು. ಒಂದೇ ಕೀ ಸತ್ತರೆ ಅದರ ಅಡಿಯ ಕಸ, ಇರುವೆ, ಹರಿದ ರಬ್ಬರ್ ಬುಗುಟು ಏನೂ ಇರಬಹುದು. ಗುಂಪೇ ಸತ್ತರೆ ಗೆರೆ ತುಂಡಾಗಿದೆ, ಇಲ್ಲವೇ ಮದರ್‌ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ ಸಡಿಲವಾಗಿದೆ, ತುಕ್ಕು ಹಿಡಿದಿದೆ. ಅಂಥದ್ದಕ್ಕೆ ಕೀಯ ಟೊಪ್ಪಿಯನ್ನು ಸೂಜಿಯಲ್ಲಿ ಮೀಟಿ ತೆಗೆದು ಪ್ರಯೋಜನವಿಲ್ಲ. ಲ್ಯಾಪ್‌ಟಾಪಿನ ಕೀಯಡಿ ಇರುವ ಕತ್ತರಿಯಾಕಾರದ ಪ್ಲಾಸ್ಟಿಕ್ ಕೊಂಡಿ ಉಗುರಿಗಿಂತ ತೆಳ್ಳಗೆ, ಮುರಿದರೆ ಬಿಡಿಯಾಗಿ ಸಿಗುವುದು ಕಷ್ಟ.

ಪಕ್ಕದ ಮನೆಯವರು ಅಕ್ಕಿ ಡಬ್ಬಿಯಲ್ಲಿಡಲು ಹೇಳಿದರು. ಬೇಡ. ಅಕ್ಕಿಯ ಹುಡಿ ಒಳಗೆ ಹೋಗುತ್ತದೆ, ತುಕ್ಕು ಅದರಿಂದ ಬಿಡುವುದೂ ಇಲ್ಲ. ತಲೆಕೂದಲು ಒಣಗಿಸುವ ಡ್ರೈಯರ್ ಹಿಡಿಯುವುದೂ ಬೇಡ, ಒಳಗಿನ ಪ್ಲಾಸ್ಟಿಕ್ ಹಾಳೆ ಸೆಟೆದುಕೊಳ್ಳುತ್ತದೆ. ಮಾಡಬಹುದಾದ್ದೆಂದರೆ ಚಾರ್ಜರ್ ತೆಗೆದು, ಪೂರ್ತಿ ಆಫ್ ಮಾಡಿ, ಓರೆಯಾಗಿ ಹಿಡಿದು ಮೆತ್ತನೆಯ ಬ್ರಷ್ಷಿನಿಂದ ಗುಡಿಸುವುದು. ನಮ್ಮ ಕಡೆ ಆ ಓರೆಯಿಂದ ಇರುವೆಗಳ ಒಂದು ಸಂಸಾರವೇ ಹೊರಬರುತ್ತದೆ. ಚಹಾವೋ ನೀರೋ ಚೆಲ್ಲಿದ್ದಾದರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಕವುಚಿ ಹಾಕಿ, ಒಳಗೆ ಒರೆಸಿ ಒಣಗಿಸುವವರೆಗೆ ಆನ್ ಮಾಡಿ ‘ನೋಡುವುದು’ ಬೇಡ. ಹಾಳು ಮಾಡುವುದು ನೀರಿಗಿಂತ ಹೆಚ್ಚು ಅದರಲ್ಲಿ ಹರಿಯುವ ಕರೆಂಟು.

ಅಂದೇ ಕುಂಬಳೆಗೆ ಹೋಗಿ ಯುಎಸ್‌ಬಿ ಕೀಬೋರ್ಡ್ ತಂದೆ. ಸಿಕ್ಕಿಸಿದ ಕೂಡಲೇ ಎಲ್ಲ ಅಕ್ಷರವೂ ಬಂತು. ಕೆಲಸವೂ ನಡೆಯಿತು, ಪರೀಕ್ಷೆಯೂ ಆಯಿತು: ಹೊರಗಿನದು ಸರಿ, ಒಳಗಿನದು ಕೆಟ್ಟದ್ದು. ತಂತಿಯಿಲ್ಲದ್ದು ಬೇಕೆಂದು ಆಸೆಯಿದ್ದರೆ ಒಂದು ವಿಷಯ ತಿಳಿದಿರಲಿ. ಅದರ ಗುಂಡಿಯಷ್ಟು ದೊಡ್ಡ ರಿಸೀವರಿನ ಪಕ್ಕದಲ್ಲೇ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಸಿಕ್ಕಿಸಿದರೆ ಅಕ್ಷರಗಳು ತಪ್ಪುವುದುಂಟು. ಎರಡೂ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ ಗದ್ದಲ ಮಾಡುತ್ತವೆ. ಬ್ಯಾಟರಿ ಬದಲಿಸುವ ಮೊದಲು ಅದನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ ನೋಡಿ. ಮತ್ತೆ, ಪಾಸ್‌ವರ್ಡಿನಲ್ಲಿ ಸತ್ತ ಕೀಯ ಅಕ್ಷರವಿದ್ದು, ಹೊರಗಿನ ಕೀಬೋರ್ಡೂ ಇಲ್ಲದಿದ್ದರೆ, ಲಾಗಿನ್ ಪರದೆಯ ಕೆಳಗೆ ಬಲಮೂಲೆಯ ಚಿಹ್ನೆ ಒತ್ತಿದರೆ ಅಲ್ಲೂ ಪರದೆ ಕೀಬೋರ್ಡ್ ಸಿಗುತ್ತದೆ.

ಇಷ್ಟರವರೆಗೆ ನಮ್ಮ ಕೈಯಲ್ಲಿದ್ದ ಕೆಲಸ. ಇನ್ನು ವಾರಂಟಿ.

ವಾರಂಟಿ ಮುಗಿಯಲು ಇನ್ನೂ ಸಮಯವಿತ್ತು. ಕಂಪನಿಯ ನಂಬರಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು ಪಿನ್‌ಕೋಡ್. 671ರಿಂದ ಶುರುವಾಗುವ ನಂಬರ್ ಹೇಳಿದ ಕೂಡಲೇ ಕರೆ ಕೇರಳದ ವಿಭಾಗಕ್ಕೆ ಹೋಯಿತು. ಮಲಯಾಳ ನನಗೆ ಸಾಕಷ್ಟು ಬರುತ್ತದೆ, ಅದೇನೂ ತೊಂದರೆಯಲ್ಲ. ತೊಂದರೆ ಆದದ್ದು, ‘ನಿಮಗೆ ಹತ್ತಿರದ ಸರ್ವಿಸ್ ಸೆಂಟರ್’ ಎಂದು ಅವರು ತೆಂಕು ದಿಕ್ಕಿನ ಒಂದು ದೂರದ ಪಟ್ಟಣವನ್ನು ಹೇಳಿದಾಗ. ನಮಗೆ ಕುಂಬಳೆಯಲ್ಲಿ ರೈಲು ಹತ್ತಿದರೆ ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟಿ ಮಂಗಳೂರು. ಅಲ್ಲಿ ಅದೇ ಕಂಪನಿಯ ಸೆಂಟರ್ ಇದೆ ಎಂದರೆ ‘ಅದು ಬೇರೆ ರಾಜ್ಯ’ ಎಂಬ ಉತ್ತರ. ಕಂಪ್ಯೂಟರಿನಲ್ಲಿ ಪಿನ್‌ಕೋಡ್ ಹಾಕಿದರೆ ಅದೇ ಬರುವುದಂತೆ. ಆಸ್ಪತ್ರೆಗೆ ಮಂಗಳೂರು, ಜವುಳಿಗೆ ಮಂಗಳೂರು, ಕಾಲೇಜಿಗೆ ಮಂಗಳೂರು, ಕೀಬೋರ್ಡಿಗೆ ಮಾತ್ರ ಗಡಿಯ ತಲಪಾಡಿ ಗೇಟು ಅಡ್ಡ!

ವಾದ ಮಾಡಿ ಉಪಯೋಗವಿಲ್ಲ ಎಂದು ವಾರಂಟಿ ಕಾಗದವನ್ನೇ ಓದಿದೆ. ಭಾರತದೊಳಗಿನ ಯಾವುದೇ ಅಧಿಕೃತ ಕೇಂದ್ರ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಸಾಲನ್ನು ಓದಿ ಹೇಳಿ, ಮನೆ ಬಾಗಿಲಿಗೆ ಬರುವುದು ಬೇಡ, ನಾನೇ ತಂದುಕೊಡುತ್ತೇನೆ ಎಂದೆ. ಆಗ ದೂರು ಸಂಖ್ಯೆ ಕೊಟ್ಟರು. ಇದೇ ಸಮಸ್ಯೆ ಬಂದವರು ಫೋನಿನಲ್ಲಿ ಹೊತ್ತು ಕಳೆಯುವುದಕ್ಕಿಂತ ಮೊದಲು ಮಂಗಳೂರಿನ ಕೇಂದ್ರಕ್ಕೇ ಕರೆ ಮಾಡಿ ‘ಕ್ಯಾರಿ-ಇನ್ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿ. ಅವರಿಗೆ ನಮ್ಮಂಥ ಗಿರಾಕಿಗಳ ರೂಢಿಯಿದೆ.

ಬಿಲ್ಲು ತೆಗೆದು ನೋಡಿದರೆ ಇನ್ನೊಂದು ಕಂಟಕ. ಅಂಗಡಿಯವರು ಕೊಟ್ಟದ್ದು ಶಾಖಕ್ಕೆ ಅಕ್ಷರ ಮೂಡುವ ನುಣುಪು ಕಾಗದದ ಬಿಲ್ಲು. ಪ್ಲಾಸ್ಟಿಕ್ ಲಕೋಟೆಯಲ್ಲಿ ಜೋಪಾನವಾಗಿಯೇ ಇತ್ತು, ಆದರೆ ಅಂಗಡಿಯ ಹೆಸರು ಬಿಟ್ಟು ಕೆಳಗಿನದೆಲ್ಲ ಬೆಳ್ಳಗಾಗಿ ತಾರೀಕಿನ ಜಾಗದಲ್ಲಿ ಒಂದು ಹಳದಿ ಕಲೆ ಮಾತ್ರ ಉಳಿದಿತ್ತು. ಕಾಸರಗೋಡಿನ ಆ ಅಂಗಡಿಗೆ ಹೋಗಿ ನನ್ನ ಮೊಬೈಲ್ ನಂಬರ್ ಹೇಳಿದ ಮೇಲೆ ಅವರ ಕಂಪ್ಯೂಟರಿನಲ್ಲಿ ಹಳೆಯ ಜಿಎಸ್‌ಟಿ ಬಿಲ್ಲು ಸಿಕ್ಕಿತು, ಎ4 ಹಾಳೆಯಲ್ಲಿ ಮುದ್ರಿಸಿ ಸೀಲು ಒತ್ತಿ ಕೊಟ್ಟರು. ಅಂಥ ಬಿಲ್ಲು ಸಿಕ್ಕಿದ ದಿನವೇ ಮೊಬೈಲಿನಲ್ಲಿ ಫೋಟೋ ಹೊಡೆದಿಡುವುದು ಕ್ಷೇಮ. ಸೀರಿಯಲ್ ನಂಬರ್ ಲ್ಯಾಪ್‌ಟಾಪಿನ ಅಡಿಯಲ್ಲಿರುತ್ತದೆ. ಅದು ಉಜ್ಜಿ ಹೋಗಿದ್ದರೆ ವಿಂಡೋಸ್ ಬರುವ ಮೊದಲೇ ಸಿಗುವ ಬಯೋಸ್ ಪರದೆಯಲ್ಲಿ ನೋಡಿ, ಬಿಲ್ಲಿನಲ್ಲಿರುವುದಕ್ಕೆ ಅಂಕೆ ಅಂಕೆ ತಾಳೆಯಾಗಬೇಕು. ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಬ್ಯಾಂಕು, ಇಮೇಲ್ ಎಲ್ಲ ಸೈನ್ ಔಟ್ ಮಾಡಿದೆ. ನಾಲ್ಕೂ ಬದಿಯ ಫೋಟೋ ತೆಗೆದುಕೊಂಡೆ. ಆಮೇಲೆ ‘ಈ ಗೀರು ನಮ್ಮದಲ್ಲ’ ಎಂಬ ಜಗಳ ಬೇಡ.

ಮಂಗಳೂರಿನ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರೇ. ಕೌಂಟರಿನವರು ಕೇಳಿದ ಮೊದಲ ಪ್ರಶ್ನೆ: ನೀರು ಬಿದ್ದಿದೆಯಾ? ಇದು ಕುಶಲ ವಿಚಾರಿಸಿದ್ದಲ್ಲ. ದ್ರವ ತಾಗಿದ್ದರೆ ವಾರಂಟಿ ಇಲ್ಲ, ಎಲ್ಲ ಗಿರಾಕಿಯ ಮೇಲೆ. ಒಳಗೆ ಬಿಳಿ ಬಣ್ಣದ ಒಂದು ಸಣ್ಣ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಬಿದ್ದಿಲ್ಲ ಎಂದೆ. ಆದರೂ ಎದೆ ಡವಡವ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಕಪಾಟಿನ ಪುಸ್ತಕಕ್ಕೇ ಬೂಸು ಬರುತ್ತದೆ, ಆ ಸ್ಟಿಕ್ಕರಿಗೆ ಏನಾಗಿದೆಯೋ ಯಾರಿಗೆ ಗೊತ್ತು? ನನ್ನೆದುರೇ ತೆರೆಯಿರಿ ಎಂದು ಕೇಳಿಕೊಂಡೆ, ಒಪ್ಪಿದರು. ಹೀಗೆ ಕೇಳುವುದಕ್ಕೆ ಸಂಕೋಚ ಬೇಡ.

ತೆರೆದಾಗ ಸ್ಟಿಕ್ಕರ್ ಬೆಳ್ಳಗೇ ಇತ್ತು. ತಂತ್ರಜ್ಞ ಹುಡುಗ ಬ್ಯಾಟರಿಯ ಕೊಂಡಿ ಬಿಡಿಸಿ, ಕೀಬೋರ್ಡಿನಿಂದ ಬರುವ ಪಟ್ಟಿ ಕೇಬಲಿನ ಕಪ್ಪು ಬೀಗವನ್ನು ಉಗುರಿನಲ್ಲಿ ಎತ್ತಿ ಅದನ್ನು ಹೊರಗೆಳೆದ. ತುದಿಯ ಸಣ್ಣ ಸಣ್ಣ ಲೋಹದ ಹಲ್ಲುಗಳಲ್ಲಿ ಕೆಲವು ಹೊಳೆಯುತ್ತಿದ್ದವು, ಎರಡು ಮಾತ್ರ ಮಂಕಾಗಿ ಹಸಿರು ಹಿಡಿದಿದ್ದವು. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿಸಿ, ಮತ್ತೆ ಕೂರಿಸಿ ಆನ್ ಮಾಡಿದ. ಜಿ ಬಂತು, ಟಿ ಬಂತು, ಆರ್, ವಿ, ಬಿ, 4, 5 ಎಲ್ಲ ಬಂತು. ಎಫ್ ಬರಲಿಲ್ಲ! ದೋಷ ಒಂದಲ್ಲ, ಎರಡು. ಗುಂಪು ಸತ್ತದ್ದು ಕೇಬಲಿನ ತುದಿಯಲ್ಲಿ, ಎಫ್ ಸತ್ತದ್ದು ಅದರದ್ದೇ ಬುಡದ ಹಾಳೆಯಲ್ಲಿ. ಹಾಳೆಯನ್ನು ಮಾತ್ರ ಬದಲಿಸಲಿಕ್ಕಾಗುವುದಿಲ್ಲ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡನ್ನು ಮೇಲಿನ ಚಿಪ್ಪಿಗೆ ಪ್ಲಾಸ್ಟಿಕ್ ಮೊಳೆಗಳನ್ನು ಕರಗಿಸಿ ಅಂಟಿಸಿಬಿಡುತ್ತಾರೆ, ಹಾಗಾಗಿ ಅಂಗೈ ಊರುವ ಜಾಗ ಸಮೇತ ಇಡೀ ಭಾಗವೇ ಬದಲಾಗಬೇಕು. ವಾರಂಟಿ ಇಲ್ಲದಿದ್ದರೆ 6,800 ರೂಪಾಯಿ ಎಂದು ಅಂದಾಜು ಹೇಳಿದರು. ಹೊರಗಿನ ಅಂಗಡಿಗಳಲ್ಲಿ ಮೊಳೆ ಕತ್ತರಿಸಿ ಬರೀ ಕೀಬೋರ್ಡ್ ಕೂರಿಸಿ ಕೊಡುವವರಿದ್ದಾರೆ, ನಾನು ವಿಚಾರಿಸಿದಲ್ಲಿ 2,200 ಹೇಳಿದ್ದರು. ವಾರಂಟಿ ಮುಗಿದವರಿಗೆ ಅದು ಕೆಟ್ಟ ದಾರಿಯೇನಲ್ಲ. ನಡುವಿನಲ್ಲಿ ಒತ್ತಿದರೆ ಕುಗ್ಗುತ್ತದೆಯೇ ಎಂದು ನೋಡಿ ತೆಗೆದುಕೊಳ್ಳಬೇಕು, ಅಷ್ಟೇ.

ಜಾಬ್ ಶೀಟಿನಲ್ಲಿ ‘ದ್ರವದ ಗುರುತಿಲ್ಲ’ ಎಂದು ಬರೆಸಿಕೊಂಡು, ಯಂತ್ರವನ್ನು ಅಲ್ಲೇ ಬಿಟ್ಟು ಬಂದೆ.

ಕಾಯುವ ದಿನಗಳಲ್ಲಿ ಅಟ್ಟದ ಹಳೆಯ ಡೆಸ್ಕ್‌ಟಾಪನ್ನು ಇಳಿಸಿದೆ. ಅದರದ್ದು ನೇರಳೆ ಬಣ್ಣದ ಉರುಟು ಪೋರ್ಟಿನ ಕೀಬೋರ್ಡ್. ಅದನ್ನು ಆನ್ ಮಾಡುವ ಮೊದಲೇ ಸಿಕ್ಕಿಸಬೇಕು, ಚಾಲೂ ಇರುವಾಗ ಸಿಕ್ಕಿಸಿದರೆ ಗುರುತಿಸದೆ ಇರಬಹುದು. ಹಸಿರು ಪೋರ್ಟು ಮೌಸಿನದ್ದು. ಅದರಲ್ಲಿ ವಿಂಡೋಸಿನ ಬದಲು ಉಬುಂಟು ಎಂಬ ಲಿನಕ್ಸ್ ಇತ್ತು. ಲಿನಕ್ಸಿನಲ್ಲೂ ಕಗಪ ವಿನ್ಯಾಸ, ಅಂದರೆ ನುಡಿಯಲ್ಲಿರುವ ಅದೇ ಕೆ.ಪಿ. ರಾವ್ ವಿನ್ಯಾಸ, ಸಿಗುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಹುಡುಕಿದರೆ ಇದೆ, ಬೆರಳುಗಳಿಗೆ ಹೊಸದಾಗಿ ಕಲಿಸಬೇಕಾದ್ದೇನಿಲ್ಲ. ಸೊಸೈಟಿಯ ವರದಿ ಅದರಲ್ಲೇ ಮುಗಿಯಿತು.

ಬಿಡಿಭಾಗ ಬಂದಿದೆ ಎಂದು ಫೋನ್ ಬಂತು. ಹೋಗಿ ನೋಡಿದರೆ ಎಂಟರ್ ಕೀ ಎರಡು ಸಾಲಿಗೆ ಚಾಚಿಕೊಂಡಿದೆ, 3ರ ಮೇಲೆ ಪೌಂಡಿನ ಚಿಹ್ನೆ, 4ರ ಮೇಲೆ ರೂಪಾಯಿ ಚಿಹ್ನೆ ಇಲ್ಲ. ಇಂಗ್ಲೆಂಡಿನ ವಿನ್ಯಾಸದ್ದು! ‘ಕೆಲಸ ಮಾಡುತ್ತದೆ ಸರ್’ ಎಂದರು. ಮಾಡುತ್ತದೆ, ಸುಳ್ಳಲ್ಲ. ಆದರೆ ಆ ವಿನ್ಯಾಸದಲ್ಲಿ ಎಡಗಡೆಯ ಶಿಫ್ಟ್ ಅರ್ಧಕ್ಕೆ ಮೊಟಕಾಗಿ, ಅದರ ಮತ್ತು ಝಡ್ ಕೀಯ ನಡುವೆ ಇನ್ನೊಂದು ಕೀ ಕೂತಿರುತ್ತದೆ. ನುಡಿಯಲ್ಲಿ ಳ, ಣ, ಅನುಸ್ವಾರ, ಈಕಾರ, ಓಕಾರ ಎಲ್ಲಕ್ಕೂ ಎಡಗೈ ಕಿರುಬೆರಳು ಆ ಶಿಫ್ಟಿಗೇ ಹೋಗಬೇಕು. ಒಂದು ಸಾಲು ಕನ್ನಡ ಟೈಪ್ ಮಾಡಿ ತೋರಿಸಿದೆ. ‘ಮಂಗಳೂರು’ ಎಂಬಲ್ಲೇ ಎರಡು ಓರೆಗೆರೆ ಬಿತ್ತು. ಹುಡುಗ ನಕ್ಕು, ಮತ್ತೆ ಆರ್ಡರ್ ಹಾಕಿದ. ಪುನಃ ಕಾಯುವುದೆಂದರೆ ಬೇಸರವೇ, ಆದರೆ ‘ನಡೆಯುತ್ತದೆ’ ಎಂದು ಒಪ್ಪಿ ತಂದಿದ್ದರೆ ದಿನಾ ಅನುಭವಿಸಬೇಕಾದದ್ದು ನಾನು.

ಎರಡನೆಯ ಭಾಗ ಸರಿಯಾದದ್ದೇ ಬಂತು. ಸಹಿ ಹಾಕುವ ಮೊದಲು ಕೌಂಟರಿನಲ್ಲೇ ಒಂದೊಂದೇ ಕೀ ಒತ್ತಿ ನೋಡಿದೆ. ಎರಡೂ ಶಿಫ್ಟ್, ಎರಡೂ ಆಲ್ಟ್, ಬಾಣದ ಗುರುತುಗಳು, ಬೆಳಕು ಹೆಚ್ಚು ಕಡಿಮೆ ಮಾಡುವ ಮೇಲಿನ ಸಾಲು. ಮೇಲಿನ ಚಿಪ್ಪು ಬಿಚ್ಚಿದ್ದರಿಂದ ಟಚ್‌ಪ್ಯಾಡ್, ಸ್ಪೀಕರ್, ವೈಫೈ ಸಹ ನೋಡಬೇಕು, ಅವುಗಳ ತಂತಿಗಳೂ ಅಲ್ಲೇ ಹಾಯುತ್ತವೆ. ಅಡಿಯ ಸ್ಕ್ರೂಗಳನ್ನೂ ಎಣಿಸಿದೆ.

ಎಲ್ಲ ಸರಿಯಿತ್ತು. ಕೊನೆಗೆ ಅವರ ಪಟ್ಟಿ ಪ್ರಕಾರ ಪರೀಕ್ಷಿಸಲು ಬಂದ ಇನ್ನೊಬ್ಬರು ಕ್ಯಾಪ್ಸ್ ಲಾಕ್ ಒತ್ತಿದರು. ದೀಪ ಹತ್ತಲಿಲ್ಲ, ನೋಟ್‌ಪ್ಯಾಡಿನಲ್ಲಿ ಎಫ್ ಎಂದು ಬಂತು. ಮತ್ತೆ ಒತ್ತಿದರು, ಮತ್ತೆ ಎಫ್. ‘ಇದೂ ಡಿಫೆಕ್ಟ್ ಪೀಸ್’ ಎಂದು ಬರೆಯಲು ಪೆನ್ನು ತೆಗೆದಾಗ ನಾನು ಶಾರ್ಪ್‌ಕೀಸ್ ತೆರೆದು ತೋರಿಸಿ, ಆ ಸಾಲನ್ನು ಅಳಿಸಿ, ರೀಸ್ಟಾರ್ಟ್ ಮಾಡಿದೆ. ದೀಪ ಹತ್ತಿತು. ‘ಇದು ಒಳ್ಳೆಯದಿದೆಯಲ್ಲ’ ಎಂದು ಅವರು ತಂತ್ರಾಂಶದ ಹೆಸರನ್ನು ಅದೇ ಪೆನ್ನಿನಲ್ಲಿ ಅಂಗೈಯಲ್ಲಿ ಬರೆದುಕೊಂಡರು. ನಾನು ಸಹಿ ಹಾಕಿ ಸಂಜೆಯ ರೈಲಿಗೆ ಓಡಿದೆ.